ಹೆದರುವ ಕೆಲಸ

ಬೆಳಕು ಹರಿಯುವ ಮೊದಲು ಕುಸುಮಾವತಿ ಬಚ್ಚಲ ಒಲೆಗೆ ತೆಂಗಿನ ಒಣ ಮಡಲು ತುರುಕಿ ಹಂಡೆಯಡಿ ಬೆಂಕಿ ಹಿಡಿಸುತ್ತಿದ್ದಳು, ಬಾವಿಯಿಂದ ಇಪ್ಪತ್ತೆರಡು ಕೊಡ ನೀರು ಸೇದುತ್ತಿದ್ದಳು, ಹಟ್ಟಿಯಲ್ಲಿ ಆರು ದನಗಳ ಕಾಲಡಿಯ ಸಗಣಿ ಬಾಚಿ, ಗೊಬ್ಬರದ ಗುಂಡಿಗೆ ಹೊತ್ತುಹಾಕಿ, ಕೈ ತೊಳೆದು ಹಾಲು ಕರೆಯುತ್ತಿದ್ದಳು, ಕುಚ್ಚಲಕ್ಕಿ ತೊಳೆದು ಗಂಜಿಗೆ ಇಡುತ್ತಿದ್ದಳು, ನಾಲ್ಕು ಕಾಯಿ ಒಡೆದು ತುರಿಯುತ್ತಿದ್ದಳು, ಅಂಗಳ ಗುಡಿಸುತ್ತಿದ್ದಳು, ಮೊಣಕಾಲು ಸೋತ ಅಮ್ಮನನ್ನು ಎಬ್ಬಿಸಿ, ತೋಳು ಕೊಟ್ಟು, ಬಚ್ಚಲಿಗೆ ನಡೆಸಿಕೊಂಡು ಹೋಗುತ್ತಿದ್ದಳು. ಎರಡು ಸಾವಿರದ ಒಂಬತ್ತರ ಜನವರಿಯಲ್ಲಿ ಇವುಗಳ ಸಾಲಿಗೆ ಇನ್ನೊಂದು ಕೆಲಸ ಬಂದು ಸೇರಿತು. ಚಾವಡಿಯಲ್ಲಿ ಒಂದೇ ಚಾಪೆಯ ಮೇಲೆ ಅಡ್ಡಾದಿಡ್ಡಿ ಮಲಗಿರುತ್ತಿದ್ದ ಏಳು ಮಕ್ಕಳ ಹಣೆ ಮುಟ್ಟಿ ನೋಡುವುದು. ಒಲೆಯ ಮುಂದಿನಿಂದ ಎದ್ದ ಕೈಗೆ ಸುಡುವ ಹಣೆಯೂ ತಣ್ಣಗೆ ತೋರುತ್ತದೆ, ಬಾವಿ ನೀರಿನಲ್ಲಿದ್ದ ಕೈಗೆ ಜ್ವರವಿಲ್ಲದ ಹಣೆಯೂ ಬೆಚ್ಚಗೆನಿಸುತ್ತದೆ. ಎರಡೂ ಮೋಸವೇ. ಆದ್ದರಿಂದ ಅವಳು ಬಲ ಅಂಗೈಯನ್ನು ಎಡ ಕಂಕುಳಲ್ಲಿ ಸ್ವಲ್ಪ ಹೊತ್ತು ಅದುಮಿಟ್ಟುಕೊಂಡು, ಕೈ ತನ್ನದೇ ಬಿಸಿಗೆ ಮರಳಿದ ಮೇಲಷ್ಟೇ ಮಕ್ಕಳ ಬಳಿ ಕೂರುತ್ತಿದ್ದಳು.

ಹೆದರಿಕೆಯಲ್ಲಿ ಅವಳಷ್ಟು ಅಚ್ಚುಕಟ್ಟು ಇದ್ದವರು ಆ ಮನೆಯಲ್ಲಿ ಬೇರೆ ಯಾರೂ ಇರಲಿಲ್ಲ.

ಕೆರಾಡಿಯಿಂದಾಚೆ, ಗದ್ದೆ ಮುಗಿದು ಕಾಡು ಶುರುವಾಗುವಲ್ಲಿ ಇದ್ದ ಮನೆ ಅದು. ಹೆಸರು ಮೂಡುಮನೆ. ಮಕ್ಕಳುಮರಿ ಸೇರಿ ಹದಿನೇಳು ಜನ. ಮದುವೆಯಾದ ಮೇಲೂ ಹೆಣ್ಣು ತಾಯಿಯ ಮನೆಯಲ್ಲೇ ಉಳಿಯುವುದು ಅವರಲ್ಲಿ ಹೊಸತಲ್ಲವಾದ್ದರಿಂದ ಕುಸುಮಾವತಿ ಅಲ್ಲೇ ಉಳಿದಿದ್ದಳು; ಗಂಡ ಮುಂಬಯಿಯ ಹೋಟೆಲೊಂದರಲ್ಲಿದ್ದು ವರ್ಷಕ್ಕೊಮ್ಮೆ ನೆಂಟನಂತೆ ಬಂದುಹೋಗುತ್ತಿದ್ದ. ಮನೆ ಹೆಣ್ಣಿನ ಸಂತಾನದ್ದೆಂದು ಎಲ್ಲರೂ ಹೇಳುತ್ತಿದ್ದರು. ಆದರೆ ಮನೆಯ ಮಾತು ಅವಳ ತಮ್ಮ ಭೋಜರಾಜನದು. ಅವನಿಗಿಂತ ಕಿರಿಯ ಲೀಲಾಧರನದು ನಗೆಚಾಟಿಕೆ. ಉಳಿದದ್ದೆಲ್ಲ ಹೆಂಗಸರ ಪಾಲು.

ಐವತ್ತೆರಡರ ಕುಸುಮಾವತಿ ಸೀರೆಯ ಮೇಲೆ ಗಂಡನ ಹಳೆಯ ತುಂಬುತೋಳಿನ ಅಂಗಿ ತೊಟ್ಟು, ಬಿಸಿಲಿರಲಿ ಸೆಕೆಯಿರಲಿ, ಕುತ್ತಿಗೆಯವರೆಗೂ ಗುಂಡಿ ಹಾಕಿಕೊಳ್ಳುತ್ತಿದ್ದಳು. ಬುಟ್ಟಿ ಹೊತ್ತು ಹೊತ್ತು ಒಂದು ಭುಜ ಇಳಿದಿತ್ತು. ಬರಿಗೈಯಲ್ಲಿ ನಡೆದಾಗಲೂ ತಲೆಯ ಮೇಲೇನೋ ಇದೆಯೆಂಬಂತೆ ಕತ್ತು ಅಲುಗಿಸದೆ ನಡೆಯುತ್ತಿದ್ದಳು. ಹುಲ್ಲಿನ ಕುತ್ರಿಗೆ ಕೈ ಹಾಕುವ ಮೊದಲು, ಹಾವಿದ್ದರೆ ಸರಿಯಲೆಂದು, ಮೂರು ಸಲ ಚಪ್ಪಾಳೆ ತಟ್ಟುತ್ತಿದ್ದಳು. ಪ್ರತಿ ಸಲ ನೀರು ಸೇದಿದ ಮೇಲೂ ಬಾವಿಯ ಬಾಯಿಗೆ ಹಲಗೆ ಮುಚ್ಚುತ್ತಿದ್ದಳು. ದಿನಕ್ಕೆ ಹತ್ತು ಸಲ ತೆಗೆದು ಹತ್ತು ಸಲ ಮುಚ್ಚಬೇಕಾದ ಹಲಗೆ.

"ಅಕ್ಕ, ಬಾವಿಗ್ ಒಂದ್ ಬೀಗವೂ ಹಾಕಿಬಿಡ್. ನೀರ್ ಓಡಿಹೋಪುದ್ ಬ್ಯಾಡ," ಎನ್ನುತ್ತಿದ್ದ ಲೀಲಾಧರ. ಮಕ್ಕಳು ಅವಳ ಹಿಂದೆ ಚಪ್ಪಾಳೆ ತಟ್ಟುತ್ತಾ ಕತ್ತು ನೆಟ್ಟಗಿಟ್ಟು ನಡೆದು ತೋರಿಸುತ್ತಿದ್ದರು. ಅವಳೂ ನಗುತ್ತಿದ್ದಳು. ಮೂವತ್ತು ವರ್ಷದಲ್ಲಿ ಆ ಬಾವಿಗೆ ಒಂದು ಮಗುವೂ ಬಿದ್ದಿಲ್ಲವೆಂಬುದು ಯಾರಿಗೂ ಒಂದು ಸಂಗತಿಯಾಗಿ ಕಂಡಿರಲಿಲ್ಲ. ಆಗದೆ ಹೋದದ್ದು ಯಾರ ಕಣ್ಣಿಗೆ ಬಿದ್ದೀತು?

ಏನು ಹೇಳಿದರೂ ಅವಳ ಉತ್ತರ ಒಂದೇ: "ಕಾಂಬ." ನೋಡೋಣ ಎಂದರ್ಥ. ಒಪ್ಪಿದಳೋ ಇಲ್ಲವೋ ಅದರಿಂದ ತಿಳಿಯುತ್ತಿರಲಿಲ್ಲ.

ಕೊಯ್ಲು ಮುಗಿದು ಮರಗಳು ಎಲೆ ಉದುರಿಸತೊಡಗಿದಾಗಿನಿಂದ ಮಳೆ ಬೀಳುವವರೆಗೆ ದಿನಾ ಹಾಡಿಗೆ, ಮನೆಯಾಚೆಯ ಕಾಡಿಗೆ, ಹೋಗಿ ತರಗೆಲೆ ಗುಡಿಸಿ ತರಬೇಕು. ಹಟ್ಟಿಯ ನೆಲಕ್ಕೆ ಅದೇ ಹಾಸು. ಸಗಣಿ ಗಂಜಳ ಕುಡಿದು ಕೊಳೆತ ಮೇಲೆ ಗದ್ದೆಗೆ ಅದೇ ಗೊಬ್ಬರ. ಟಿಲ್ಲರ್ ಹೊಡೆಯುವುದು, ತೆಂಗಿನಕಾಯಿ ಮಾರುವುದು, ಕುಂದಾಪುರಕ್ಕೆ ಹೋಗಿಬರುವುದು ಗಂಡಸರಿಗೆ. ಕಾಡಿನೊಳಗೆ ಬಗ್ಗಿ ಎಲೆ ಬಾಚುವುದು ಹೆಂಗಸರಿಗೆ. ಹೀಗೆಂದು ಯಾರೂ ಕೂತು ಹಂಚಿದ್ದಲ್ಲ. ಹಂಚದೆಯೇ ಬಂದ ಪಾಲನ್ನು ತಿರುಗಿಸಿ ಕೊಡುವುದಕ್ಕೆ ಜಾಗವೂ ಇರುವುದಿಲ್ಲ.

ಆ ಮಂಗಳವಾರ ಹಾಡಿಯಲ್ಲಿ ಕುಸುಮಾವತಿಯ ಪೊರಕೆಗೆ ಮೆತ್ತಗಿನದೇನೋ ತಾಗಿತು. ಎಲೆ ಸರಿಸಿದರೆ ಒಂದು ಮಂಗ. ಮೈಮೇಲೆ ಗಾಯವಿಲ್ಲ, ಒಂದು ಕೈ ಕೆನ್ನೆಯಡಿ ಇಟ್ಟು ಮಲಗಿದಂತಿತ್ತು. ಮೊದಲು ಅವಳಿಗೆ ಬಂದ ಯೋಚನೆ, ಅಲ್ಲಿಂದ ಸುಮ್ಮನೆ ಬಂದುಬಿಡುವುದು. ಆದರೆ ನಾಯಿಗಳು ಎಳೆದಾಡಿದರೆ ಪಾಪ ಎಂದುಕೊಂಡು ಮನೆಗೆ ಬಂದು ಹೇಳಿದಳು. ಹಾಗೆ ಹೇಳಿದ್ದಕ್ಕಾಗಿ ಆಮೇಲೆ ಅವಳು ತನ್ನನ್ನು ಎಷ್ಟು ಬೈದುಕೊಂಡಳೋ!

"ಹನುಮಂತನ ಜೀವ ಅದ್," ಎಂದರು ಅಮ್ಮ, ಕುಳಿತಲ್ಲಿಂದಲೇ. "ಹಾಡಿಲ್ ಕೊಳುಕೆ ಬಿಡುಕಾಗ. ಮನಿಯವ್ರೆಲ್ಲ ಸೇರಿ ಮಣ್ಣ್ ಕೊಡ್ಕ್."

ಮಂಗನಿಗೆ ಮಣ್ಣು ಕೊಡುವುದೆಂದರೆ ಆ ಮನೆಯಲ್ಲಿ ಮನುಷ್ಯರಿಗೆ ಕೊಟ್ಟ ಹಾಗೆಯೇ. ಭೋಜರಾಜ ಅದನ್ನು ಎರಡೂ ತೋಳಿನಲ್ಲಿ ಎತ್ತಿಕೊಂಡು ಬಂದು ಅಂಗಳದ ಬಾಳೆಲೆಯ ಮೇಲೆ ಮಲಗಿಸಿದ. ಮೈಗೆ ನೀರು ಹನಿಸಿದರು, ಅರಸಿನ ಹಚ್ಚಿದರು, ಕೆಂಪು ವಸ್ತ್ರ ಹೊದೆಸಿದರು. ಕುಸುಮಾವತಿ ಕಂಬದ ಬಳಿ ನಿಂತೇ ಇದ್ದಳು.

"ಸತ್ತ ಮಂಗ ನಿನ್ನ ಕಚ್ಚತ್ತಾ ಅಕ್ಕ? ಬಾ, ಒಂದ್ ಹೂಗಾದ್ರೂ ಹಾಕ್," ಎಂದ ಲೀಲಾಧರ.

ಹಾಕಿದಳು. ಎಲ್ಲರೂ ಸಾಲಾಗಿ ಬಂದು ಹಾಕಿದರು, ಹೊರಿಸಿಕೊಂಡು ಬಂದ ಅಮ್ಮನೂ. ಭೋಜರಾಜನ ಮಗಳು, ಒಂಬತ್ತು ವರ್ಷದ ಅನಿಷಾ, ದಾಸವಾಳವನ್ನು ಎದೆಯ ಮೇಲಿಟ್ಟು, ಮಂಗನ ಕೈಯನ್ನು ತನ್ನ ಕೈಯಲ್ಲಿ ಹಿಡಿದುಕೊಂಡು ಅಲ್ಲೇ ಕೂತುಬಿಟ್ಟಳು.

"ಅತ್ತೆ, ಇದ್ರ್ ಕೈ ನಮ್ಮ್ ಕೈ ಹಂಗೇ ಇತ್ತ್ ಕಾಣ್! ಉಗುರೂ ಇತ್ತ್!"

ಶನಿವಾರ ಮಣ್ಣಿನ ರಸ್ತೆಯಲ್ಲಿ ಜೀಪೊಂದು ಮೈಕಿನಲ್ಲಿ ಕೂಗುತ್ತಾ ಬಂತು. ಕಾಡಿನಲ್ಲಿ ಮಂಗ ಸತ್ತಿದ್ದರೆ ಯಾರೂ ಮುಟ್ಟಬಾರದು, ಕೂಡಲೇ ತಿಳಿಸಬೇಕು. ಮಂಗ ಸತ್ತ ಮೇಲೆ ಅದರ ಮೈಯ ಉಣ್ಣಿಗಳು ಇಳಿದು ಬೇರೆ ಮೈ ಹುಡುಕುತ್ತವೆ. ಕಚ್ಚಿಸಿಕೊಂಡವರಿಗೆ ಒಂದು ವಾರದ ಆಚೀಚೆ ಜ್ವರ ಬರುತ್ತದೆ, ಜೀವಕ್ಕೂ ಅಪಾಯವಾಗಬಹುದು. ಅಂಗಳದಲ್ಲಿ ನಿಂತು ಕೇಳಿದವರು ಯಾರೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ. ಜೀಪಿನವರು ಉಣ್ಣಿ ಕಚ್ಚದಂತೆ ಮೈಗೆ ಹಚ್ಚುವ ಎಣ್ಣೆಯ ಸೀಸೆಗಳನ್ನು ಜಗಲಿಯಲ್ಲಿಟ್ಟು, "ಇಲ್ಲಿ ಯಾವುದಾದರೂ ಸತ್ತಿತ್ತಾ?" ಎಂದು ಕೇಳಿದಾಗ ಭೋಜರಾಜ ಇಲ್ಲವೆಂದ.

ಕಾರಣವಿತ್ತು. ಇನ್ನು ಎಂಟು ದಿನಕ್ಕೆ, ಭಾನುವಾರ, ಲೀಲಾಧರನ ಮಗಳು ಧನ್ಯಶ್ರೀಯ ನಿಶ್ಚಿತಾರ್ಥ. ಹಿಂದೆ ಎರಡು ಸಂಬಂಧ ಬಾಗಿಲವರೆಗೆ ಬಂದು ತಪ್ಪಿಹೋಗಿದ್ದವು. ಬೈಂದೂರಿನ ಈ ಸಂಬಂಧವನ್ನು ಶಂಕರನಾರಾಯಣದ ನೆಂಟರ ಕೈಕಾಲು ಹಿಡಿದು ತಂದವಳು ಸ್ವತಃ ಕುಸುಮಾವತಿ. ತಾಯಿಯಿಲ್ಲದ ಆ ಹುಡುಗಿಯನ್ನು ಸಾಕಿದವಳೂ ಅವಳೇ.

ಅಂದಿನಿಂದ ಮನೆ ಎಂದಿನಂತೆ ಗದ್ದಲದಲ್ಲಿತ್ತು. ಚಪ್ಪರಕ್ಕೆ ಮಡಲು ಹೆಣೆದರು, ಹಪ್ಪಳ ಒಣಗಿಸಿದರು, ಮಕ್ಕಳು ಜಗಳಾಡಿದರು. ಕುಸುಮಾವತಿ ಒಬ್ಬಳೇ, ಮಂಗ ಸಿಕ್ಕ ಮಂಗಳವಾರದಿಂದ, ದಿನ ಎಣಿಸುತ್ತಿದ್ದಳು. ಯಾರಾದರೂ ಕೆಮ್ಮಿದರೆ ಕೈಯಲ್ಲಿದ್ದ ಸೌಟು ನಿಲ್ಲುತ್ತಿತ್ತು. ಮಕ್ಕಳನ್ನು ಬಚ್ಚಲಲ್ಲಿ ನಿಲ್ಲಿಸಿ ಕಂಕುಳು, ಕಿವಿಯ ಹಿಂದು, ಕಾಲ್ಬೆರಳ ಸಂದು ಹುಡುಕುತ್ತಿದ್ದಳು. ಎಳ್ಳಿನಷ್ಟು ಕಪ್ಪು ಕಂಡರೂ ಬೆಳಕಿಗೆ ತಿರುಗಿಸಿ ನೋಡುತ್ತಿದ್ದಳು. ಉಜ್ಜಿದರೆ ಮಚ್ಚೆಯಾಗಿರುತ್ತಿತ್ತು, ಮಸಿಯಾಗಿರುತ್ತಿತ್ತು. ಏಳನೆಯ ದಿನವೂ ದಾಟಿತು.

ಎಂಟನೆಯ ಬೆಳಿಗ್ಗೆ ಅನಿಷಾಳ ಹಣೆ ಕೆಂಡದಂತಿತ್ತು. ಕಣ್ಣು ಕೆಂಪಾಗಿ, ತಲೆ ಹಿಡಿದುಕೊಂಡು ನರಳುತ್ತಿದ್ದಳು. ತಾಯಿ ಸುಗುಣ ಗೋಡೆಗೆ ಒರಗಿ ನಿಂತು ಗಂಡನ ಮುಖ ನೋಡಿದಳು.

"ಕೆರೆಲ್ ಮಿಂದದ್ದಕ್ಕೆ ಬಂದದ್ದ್," ಎಂದ ಭೋಜರಾಜ. "ಒಂದ್ ಮಾತ್ರೆ ಕೊಡಿ, ಇಳಿತ್ತ್."

"ನಾ ಕುಂದಾಪ್ರಕ್ಕೆ ಕರ್ಕಂಡ್ ಹೋತೆ," ಎಂದಳು ಕುಸುಮಾವತಿ. ಒಬ್ಬಳೇ ಬಸ್ಸು ಹತ್ತಲು ಸದಾ ಹೆದರುತ್ತಿದ್ದವಳು ಹಾಗೆಂದದ್ದಕ್ಕೆ ಯಾರಿಗೂ ನಗು ಬರಲಿಲ್ಲ.

ಭೋಜರಾಜ ಅವಳನ್ನು ಹಟ್ಟಿಯ ಬದಿಗೆ ಕರೆದ. "ಹೋಪುದಾರೆ ಹೋಗ್ ಅಕ್ಕ. ಮಂಗನ ಸುದ್ದಿ ಮಾತ್ರ ಎತ್ತುಕಾಗ. ಎತ್ತಿರೆ ನಾಳೆ ಜೀಪ್ ಸೀದಾ ನಮ್ಮಂಗಳಕ್ಕೆ ಬತ್ತ್. ಮಂಗನ ಕಾಯ್ಲೆ ಮನಿ ಅಂದ್ರೆ ಬೈಂದೂರಿನವ್ರ್ ಈ ಕಡೆ ತಲೆ ಹಾಕ್ತ್ರಾ? ಮಾತ್ ಕೊಡ್." ಹೆದರಿ ಅಭ್ಯಾಸವಿಲ್ಲದವನು, ಹೆದರಿಕೆ ಬಂದರೆ ಎಲ್ಲಿ ಇಡಬೇಕೆಂದು ಅವನಿಗೆ ಗೊತ್ತಿರಲಿಲ್ಲ.

"ಕಾಂಬ," ಎಂದಳು.

ಬಸ್ಸಿನವರೆಗೆ ಚೀಲ ಹಿಡಿದುಕೊಂಡು ಬಂದವಳು ಧನ್ಯಶ್ರೀ. "ಬೇಗ ಬನ್ನಿ ಅತ್ತೆ. ಐತಾರ ನೀವಿಲ್ದಿರೆ ನಂಗೆ ಜಡೆ ಹಾಕುದ್ ಯಾರ್?" ಎಂದಳು. ಕುಸುಮಾವತಿ ಅವಳ ಮುಖ ನೋಡದೆ ಮಗುವನ್ನು ಹೆಗಲಿಗೆ ಏರಿಸಿಕೊಂಡಳು.

ದೊಡ್ಡ ಮನೆಗಳಲ್ಲೆಲ್ಲ ಇಂಥ ಒಬ್ಬಳು ಇರುತ್ತಾಳೆ. ಅವಳನ್ನು ಹೆದರುಪುಕ್ಕಲಿ ಎನ್ನುತ್ತಾರೆ. ಒಲೆ ಆರಿಸಿದೆಯೇ, ಹಲಗೆ ಮುಚ್ಚಿದೆಯೇ, ಎಲ್ಲ ಮಕ್ಕಳೂ ಮನೆ ಸೇರಿದವೇ ಎಂದು ಎಲ್ಲರ ಪಾಲಿನ ಹೆದರಿಕೆಯನ್ನೂ ಅವಳೊಬ್ಬಳೇ ಹೆದರಿ ಮುಗಿಸುವುದರಿಂದ ಉಳಿದವರು ಧೈರ್ಯವಂತರಾಗಿ ಊರೂರು ತಿರುಗುತ್ತಾರೆ. ಅದೂ ಬಾಣಂತಿಗೆ ನೀರು ಹಾಕಿದಂತೆ, ಭತ್ತ ಬೇಯಿಸಿದಂತೆ ಒಂದು ಕೆಲಸ. ಕೆಲಸವೆಂದು ಮಾತ್ರ ಯಾರೂ ಕರೆಯುವುದಿಲ್ಲ. ಇಂಥವಳ ಮನಸ್ಸಿನಲ್ಲಿ ಒಂದು ಹೆದರಿಕೆ ಇನ್ನೊಂದಕ್ಕೆ ಎದುರಾಗಿ ನಿಂತ ದಿನ ಯಾವುದನ್ನು ಆರಿಸಬೇಕೆಂದು ಹೇಳಿಕೊಡುವವರೂ ಇರುವುದಿಲ್ಲ.

ಆಸ್ಪತ್ರೆಯಲ್ಲಿ ಅನಿಷಾಳನ್ನು ಮಂಚದ ಮೇಲೆ ಮಲಗಿಸಿ ರಕ್ತ ತೆಗೆದರು. ಮಗು ಅಳಲೂ ಇಲ್ಲ. ಅದು ಕುಸುಮಾವತಿಯನ್ನು ಇನ್ನಷ್ಟು ಹೆದರಿಸಿತು. ನರ್ಸ್ ದಪ್ಪ ಪುಸ್ತಕ ಬಿಡಿಸಿ ಹೆಸರು, ವಯಸ್ಸು, ಊರು ಬರೆದುಕೊಂಡು ತಲೆಯೆತ್ತಿದಳು.

"ಅಮ್ಮಾ, ನಿಮ್ಮ್ ಬದಿಲ್ ಮಂಗ ಎಂತಾರೂ ಸತ್ತಿತ್ತಾ?"

ಕುಸುಮಾವತಿಗೆ ಚಪ್ಪರ ಕಂಡಿತು. ಹೆರಳಿಗೆ ಕಾದು ಕೂತ ಧನ್ಯಶ್ರೀ ಕಂಡಳು. ಹೂವಿಡಲು ಸಾಲಾಗಿ ಬಗ್ಗಿದ ಹದಿನೇಳು ಬೆನ್ನುಗಳೂ ಕಂಡವು.

"ಸತ್ತಿತ್ತ್," ಎಂದಳು. "ನಾನೇ ಕಂಡದ್ದ್. ನಮ್ಮನಿಯವ್ರೇ ಅಂಗಳಕ್ಕೆ ತಂದ್ ಹುಗ್ದದ್ದ್. ಈ ಮಗು ಅದ್ರ್ ಕೈ ಹಿಡ್ಕಂಡ್ ಕೂತಿತ್."

ನರ್ಸಿನ ಪೆನ್ನು ನಿಂತಿತು. "ಮತ್ಯಾರ್ ಮುಟ್ಟಿದ್ರ್?"

"ಎಲ್ಲರೂ."

"ಮನಿ ಹೆಸ್ರ್ ಹೇಳ್ತ್ರಾ? ನಾಳೆ ಅಲ್ಲಿಗೆ ಬರ್ಕ್ ನಾವ್."

ಊರಿನ ಹೆಸರಷ್ಟೇ ಹೇಳಿ ಉಳಿದದ್ದನ್ನು ನುಂಗಿಕೊಳ್ಳಬಹುದಿತ್ತು. ಕುಸುಮಾವತಿ ಕುರ್ಚಿಯನ್ನು ಮೇಜಿಗೆ ಹತ್ತಿರ ಎಳೆದುಕೊಂಡಳು.

"ಮೂಡ್ಮನಿ," ಎಂದಳು. "ಹದಿನೇಳ್ ಜನ. ಒಬ್ಬೊಬ್ರ್ ಹೆಸ್ರೂ ಹೇಳ್ತೆ, ಬರ್ಕಣಿ."