ಸೊಂಟ ಹಿಡಿಸಿದ ಪ್ಯಾಂಟು

ಮೆಟ್ಟಿಲ ಕೆಳಗಿನ ಸಣ್ಣ ಕೋಣೆಯಲ್ಲಿ ಹೊಲಿಗೆ ಯಂತ್ರ ಇಟ್ಟುಕೊಂಡಿದ್ದವಳನ್ನು ಎಲ್ಲರೂ ಟೇಲರಕ್ಕ ಎನ್ನುತ್ತಿದ್ದರು. ಅವಳ ಹತ್ತಿರ ಹೊಸ ಬಟ್ಟೆ ಹೊಲಿಸುವವರು ಕಡಿಮೆ. ಇದ್ದದ್ದನ್ನು ಬಿಗಿ ಮಾಡಿಸುವವರು, ಸಡಿಲ ಮಾಡಿಸುವವರು, ಕೆಟ್ಟ ಜಿಪ್ ತೆಗೆಸಿ ಹೊಸದು ಹಾಕಿಸುವವರೇ ಹೆಚ್ಚು.

ಒಂದು ರಜೆಯ ಮಧ್ಯಾಹ್ನ ಅಂಚೆ ಮಾಸ್ತರರ ಹೆಂಡತಿ ಗಂಡನ ಬೂದು ಪ್ಯಾಂಟನ್ನು ಚೀಲದಲ್ಲಿ ತುರುಕಿಕೊಂಡು ಬಂದಳು. ಮಾಸ್ತರರಿಗೆ ಹೊಟ್ಟೆಯ ಆಪರೇಷನ್ ಆಗಿತ್ತು. ಗಾಯ ಮಾಗಿ ಕೆಲಸಕ್ಕೂ ಹೋಗತೊಡಗಿದ್ದರು, ಆದರೆ ಮೈ ಮಾತ್ರ ಇಳಿಯುತ್ತಲೇ ಇತ್ತು. ಪ್ಯಾಂಟು ಜಾರಿದಾಗಲೆಲ್ಲ ಅವರ ಮುಖ ಸಣ್ಣದಾಗುತ್ತದೆ, ಆಮೇಲೆ ತಟ್ಟೆಯ ಮುಂದೆ ಉಣ್ಣದೆ ಕೂತಿರುತ್ತಾರೆ ಎಂದಳು. ಈಗ ಮಲಗಿದ್ದಾರೆ, ಏಳುವುದರೊಳಗೆ ಸೊಂಟ ಹಿಡಿದು ಬಿಗಿ ಮಾಡಿ ಕೊಡಬೇಕು, ಅವರಿಗೆ ಗೊತ್ತಾಗಬಾರದು.

ಟೇಲರಕ್ಕ ಹಿಂಭಾಗದ ಹೊಲಿಗೆ ಬಿಚ್ಚಿ, ಒಳಕ್ಕೆ ಸರಿಸಿ, ಅದೇ ಬಣ್ಣದ ನೂಲಿನಲ್ಲಿ ಹೊಲಿದು ಇಸ್ತ್ರಿ ಹಾಕಿದಳು. ಹಳೆಯ ಸೂಜಿಯ ತೂತುಗಳು ಒಳಮಡಿಕೆಯಲ್ಲಿ ಅಡಗಿದವು. ಮುಂದೆಯೂ ಒಂದೆರಡು ಸಲ ಹೀಗೇ ಆಯಿತು.

ಆಮೇಲೊಂದು ದಿನ ಮಾಸ್ತರರೇ ಬಂದರು. ಬೀದಿಯ ಕಡೆ ಒಮ್ಮೆ ನೋಡಿ ಸ್ಟೂಲಿನ ಮೇಲೆ ಕೂತರು. ತಮಗೆ ಮೊದಲ ಸಲವೇ ಗೊತ್ತಾಗಿತ್ತು ಎಂದರು. ಹಿಂಬದಿಯ ಜೇಬುಗಳೆರಡೂ ಹತ್ತಿರ ಬಂದಿದ್ದವಂತೆ.

"ಅವಳಿಗೆ ಹೇಳ್ಬೇಡಿ. ಮುಂದಿನ ಸಲ ಅವಳು ಹೇಳಿದ್ದಕ್ಕಿಂತ ಒಂದು ಬೆರಳು ಜಾಸ್ತೀನೇ ಹಿಡೀರಿ. ಬಿಗಿ ಆಗ್ತಿದೆ ಅಂತ ನಾನು ಗೊಣಗ್ತೀನಿ. ನನಗೆ ಮೈ ಬಂತು ಅಂದ್ಕೊಂಡು ಅವಳಿಗೆ ನಿದ್ದೆಯಾದ್ರೂ ಬರ್ಲಿ."

"ಉಸಿರು ಕಟ್ಟುತ್ತಲ್ಲ ನಿಮಗೆ?"

"ಕೌಂಟರ್ ಹಿಂದೆ ಕೂತಿರೋನಿಗೆ ಏನಮ್ಮ. ಗುಂಡಿ ಬಿಚ್ಕೊಂಡ್ರೆ ಯಾರಿಗೆ ಕಾಣುತ್ತೆ?"

ಇಬ್ಬರೂ ಗಿರಾಕಿಗಳೇ. ಟೇಲರಕ್ಕ ಆಗಲಿ ಎಂದಳು. ಹಾಗೇ ಮಾಡಿದಳು ಕೂಡ.

ಅದಾದ ಕೆಲವೇ ದಿನಕ್ಕೆ ಹೆಂಡತಿ ಪ್ಯಾಂಟು ಸಡಿಲ ಮಾಡಿಸಲು ಬಂದಳು. ಅವಳ ನಡಿಗೆಯೇ ಬೇರೆಯಾಗಿತ್ತು. ಊಟಕ್ಕೆ ಕೂತಾಗ ಸೊಂಟ ಒತ್ತುತ್ತಿದೆ ಎಂದು ಮಾಸ್ತರರು ಸಿಡುಕಿದರಂತೆ, ಸಿಡುಕುತ್ತಲೇ ಎರಡನೆಯ ಸಲ ಬಡಿಸಿಕೊಂಡರಂತೆ. ಸುಳ್ಳು ನಂಬಿಸಬೇಕಾದರೆ ಉಣ್ಣದೆ ಅವರಿಗೂ ಬೇರೆ ದಾರಿಯಿರಲಿಲ್ಲ. ದಿನಾ ಹಾಗೆ ಬಲವಂತಕ್ಕೆ ಉಂಡೂ ಉಂಡೂ ಹೊಟ್ಟೆಗೆ ಅನ್ನ ಒಗ್ಗಿತು. ಪ್ಯಾಂಟು ಯಾವಾಗ ನಿಜವಾಗಿಯೇ ಬಿಗಿಯಾಯಿತೋ ಅವರಿಗೂ ತಿಳಿಯಲಿಲ್ಲ.

ಬಿಚ್ಚಿ ಹೊಲಿದು, ಹೊಲಿದು ಬಿಚ್ಚಿ ಬಟ್ಟೆ ಜಾಳಾಗಿತ್ತು. ಒಂದು ದಿನ ಮಾಸ್ತರರು ಪಾರ್ಸೆಲ್ ಎತ್ತಲು ಬಗ್ಗಿದಾಗ, ಸಾಲಿನಲ್ಲಿ ನಿಂತವರೆಲ್ಲರ ಎದುರಿಗೇ ಹಿಂಭಾಗ ಪರ್ರನೆ ಹರಿಯಿತು. ಅಂದು ಸಂಜೆಯವರೆಗೂ ಅವರು ಕುರ್ಚಿ ಬಿಟ್ಟು ಏಳಲಿಲ್ಲ.

ಮರುದಿನ ಗಂಡ ಹೆಂಡತಿ ಹೊಸ ಬಟ್ಟೆ ಹಿಡಿದು ಒಟ್ಟಿಗೇ ಬಂದರು. ಟೇಲರಕ್ಕ ಟೇಪು ಹಿಡಿದು ಸೊಂಟ ಸುತ್ತುವಾಗ, ಹೆಂಡತಿ ನಗುತ್ತಾ ತಾನು ಕದ್ದು ಹೊಲಿಸಿದ್ದನ್ನೆಲ್ಲ ಬಾಯಿಬಿಟ್ಟಳು.

"ಹೌದಾ? ನನಗೆ ಸುಳಿವೇ ಸಿಗಲಿಲ್ವಲ್ಲೇ," ಎಂದರು ಮಾಸ್ತರರು, ಗೋಡೆ ನೋಡುತ್ತಾ.

ಟೇಲರಕ್ಕ ತಲೆ ಎತ್ತಲಿಲ್ಲ. ಅಳತೆ ಬರೆದುಕೊಂಡಳು. ಜೇಬು ಎಷ್ಟು ಆಳ ಇರಬೇಕು ಎಂಬುದರ ಬಗ್ಗೆ ಅಷ್ಟರಲ್ಲಿ ಇಬ್ಬರಿಗೂ ಜಗಳ ಹತ್ತಿಕೊಂಡಿತ್ತು.