ಸೀಟಿಯಣ್ಣನ ಬಿಲ್ಲೆ

ಅಭಿಮಾನಿ ಸಂಘದ ಕಾರ್ಯದರ್ಶಿ ನೀಲಿ ಡಬ್ಬಿಯನ್ನು ಬೆಂಚಿನ ಮೇಲೆ ಬೋರಲು ಹಾಕಿದಾಗ, ಬಡಗಿ ಎಂದಿನಂತೆ ಮೈದಾನದ ಕಡೆಗೆ ಮುಖ ತಿರುಗಿಸಬೇಕಿತ್ತು. ಹನ್ನೆರಡು ವರ್ಷಗಳಿಂದ ಹಾಗೆಯೇ ನಡೆದುಕೊಂಡು ಬಂದಿದ್ದ. ಈ ದಿನ ಮಾತ್ರ ಕುತ್ತಿಗೆ ಅವನ ಮಾತು ಕೇಳಲಿಲ್ಲ.

ಹಾಕಿ ಮೈದಾನದ ಉತ್ತರ ದಿಕ್ಕಿನ ಗೋಲಿನ ಹಿಂದೆ, ಅಂಕದ ಹಲಗೆಗೆ ತಗುಲಿಕೊಂಡಂತಿದ್ದ ಉದ್ದನೆಯ ಬೆಂಚು ಅದು. ಅಲ್ಲಿ ಕೂರುವವರು ಸಂಘದ ಹನ್ನೊಂದು ಮಂದಿ. ಆಟಗಾರರ ಪಂದ್ಯ ಮುಗಿದ ಮೇಲೆಯೇ ಇವರ ಪಂದ್ಯ ಶುರು. ಆ ದಿನ ಚೆನ್ನಾಗಿ ಆಡಿದವರು ಯಾರೆಂಬ ವಾದ ಒಮ್ಮೆ ಅಂಗಿಯ ಕಾಲರಿಗೆ ಕೈ ಹಾಕುವ ತನಕ ಹೋದಾಗ, ಕೋಲುಗಳ ರಿಪೇರಿಗೆ ಹೆಸರಾಗಿದ್ದ ಬಡಗಿಯೇ ಒಂದು ದಾರಿ ಹುಡುಕಿದ. ಮುರಿದ ಹಾಕಿ ಕೋಲುಗಳ ಹಿಡಿಯನ್ನು ಸೌತೆಕಾಯಿ ಹೆಚ್ಚಿದಂತೆ ಕೊಯ್ದು ಹನ್ನೊಂದು ಬಿಲ್ಲೆ ಮಾಡಿ, ಎಲ್ಲಕ್ಕೂ ಕಪ್ಪು ಬಣ್ಣ ಬಳಿದ. ಒಬ್ಬೊಬ್ಬರೇ ಹಲಗೆಯ ಹಿಂದೆ ಹೋಗಿ ಕೆಂಪು ಡಬ್ಬಿಗೋ ನೀಲಿ ಡಬ್ಬಿಗೋ ಬಿಲ್ಲೆ ಹಾಕಿ ಬರಬೇಕು. ಎಣಿಕೆಯಾದ ಮೇಲೆ ಬಿಲ್ಲೆಗಳು ಬಡಗಿಯ ಚೀಲ ಸೇರುತ್ತಿದ್ದವು. ಮುಂದಿನ ಪಂದ್ಯದ ದಿನ ಅವನೇ ಕೈಗೆ ಬಂದಂತೆ ಹಂಚುತ್ತಿದ್ದ. ಯಾರದು ಯಾವುದೆಂದು ಯಾರಿಗೂ ತಿಳಿಯುವಂತಿರಲಿಲ್ಲ.

ಬಡಗಿಗೆ ಮಾತ್ರ ಒಂದರ ಗುರುತಿತ್ತು. ಬೆಂಚಿನ ಹಿರಿಯನನ್ನು ಊರೆಲ್ಲ ಸೀಟಿಯಣ್ಣ ಎಂದು ಕರೆಯುತ್ತಿತ್ತು. ಮೂವತ್ತು ವರ್ಷ ಅಂಪೈರಾಗಿದ್ದವನು. ಸ್ವಂತ ತಮ್ಮನ ತಂಡದ ಮೇಲೆ ಕೊನೆಯ ನಿಮಿಷದಲ್ಲಿ ಪೆನಾಲ್ಟಿ ಕೊಟ್ಟು, ಹೆತ್ತ ತಾಯಿಯೇ ಆರು ತಿಂಗಳು ಮಾತು ಬಿಡುವಂತೆ ಮಾಡಿಕೊಂಡವನು. ಅವನು ಕಡೆಯ ಬಾರಿಗೆ ಸೀಟಿ ಊದಿದ ಪಂದ್ಯದಲ್ಲಿ ಮುರಿದ ಕೋಲಿನಿಂದ ಬಡಗಿ ಒಂದು ಬಿಲ್ಲೆ ಕೊಯ್ದಿದ್ದ. ಅದರ ಅಂಚಿನಲ್ಲೊಂದು ಹಳೆಯ ಮೊಳೆಯ ತೂತು. ಗೋಂದು, ಮರದ ಹುಡಿ ಕಲಸಿ ತುಂಬಿದರೂ ಎಳ್ಳಿನಷ್ಟು ಅಗಲದ ತಗ್ಗು ಉಳಿದುಬಿಟ್ಟಿತು. ಹಂಚುವಾಗ ಬೆರಳ ತುದಿಯಿಂದ ಆ ತಗ್ಗನ್ನು ಹುಡುಕಿ, ಅದೊಂದು ಬಿಲ್ಲೆಯನ್ನು ಸೀಟಿಯಣ್ಣನ ಅಂಗೈಗೇ ಹಾಕುವುದು ಬಡಗಿಯ ಬಾಯಿಬಿಡದ ನಮಸ್ಕಾರ. ಆ ಗುರುತು ಬೇರೆ ಕೆಲಸಕ್ಕೆ ಬರಬಾರದೆಂದೇ ಎಣಿಸುವಾಗ ಮುಖ ತಿರುಗಿಸಿಕೊಳ್ಳುತ್ತಿದ್ದ.

ಈ ಸಲದ ಎಣಿಕೆ ಆಟದ್ದಲ್ಲ. ಕೈಗಾರಿಕಾ ತರಬೇತಿ ಶಾಲೆಯ ಎಲೆಕ್ಟ್ರಿಷಿಯನ್ ವಿಭಾಗದಲ್ಲಿ ಹಾಕಿ ಆಟಗಾರರಿಗೆಂದು ಒಂದೇ ಒಂದು ಸೀಟು ಇತ್ತು. ಅರ್ಜಿ ಹಾಕಿದವರು ಇಬ್ಬರು: ಬಡಗಿಯ ಮಗಳು, ನಗರಸಭೆಯ ಸದಸ್ಯರ ಅಕ್ಕನ ಮಗ. ಪ್ರಾಂಶುಪಾಲರಿಗೆ ಎರಡು ಕಡೆಯ ಮಾತೂ ಬೇಡವಾಗಿ, ‘ಅಭಿಮಾನಿ ಸಂಘವು ಯಾರನ್ನು ಉತ್ತಮ ಆಟಗಾರರೆಂದು ಬರೆದುಕೊಡುವುದೋ ಅವರಿಗೆ’ ಎಂದು ಪತ್ರ ಕಳಿಸಿ ಕೈತೊಳೆದುಕೊಂಡಿದ್ದರು. ತಮ್ಮ ಹರಟೆಗೂ ಸರ್ಕಾರಿ ಮೊಹರು ಬಿತ್ತೆಂದು ಬೆಂಚಿನವರು ವಾರವಿಡೀ ಎದೆ ಸೆಟೆಸಿ ಓಡಾಡಿದರು.

ಬಿಲ್ಲೆ ಹಾಕುವ ಮುಂಚೆ ವಾದ ಜೋರಾಗಿಯೇ ನಡೆದಿತ್ತು.

"ಹುಡುಗ ಈ ವರ್ಷ ಹದಿನಾಲ್ಕು ಗೋಲು ಹೊಡೆದಿದಾನೆ. ಇನ್ನೇನು ಬೇಕ್ರಪ್ಪ?" ಎಂದ ಬಸ್ ಡ್ರೈವರ್.

"ಬಾಯಿಗೆ ತುತ್ತು ಇಟ್ಟ ಹಾಗೆ ಪಾಸ್ ಕೊಟ್ರೆ ನಿನ್ನ ಬಸ್ಸೂ ಗೋಲು ಹೊಡೆಯುತ್ತೆ," ಎಂದ ದರ್ಜಿ. "ಆ ಹುಡುಗಿ ಹಿಂದೆ ನಿಂತು ಎಷ್ಟು ಗೋಲು ತಡೆದಳು, ಅದನ್ನ ಹಲಗೆ ಮೇಲೆ ಯಾರು ಬರೀತಾರೆ?"

"ನನ್ನ ಬಸ್ಸಿನ ಸುದ್ದಿಗೆ ಬರಬೇಡ. ನೀನು ಹೊಲಿದ ಜರ್ಸಿಲಿ ನಮ್ಮ ಗೋಲ್‌ಕೀಪರ್ ಕೈ ಎತ್ತೋಕ್ಕಾಗದೆ ಎರಡು ಗೋಲು ಬಿಟ್ಟ!"

ನಗು ಇಳಿದ ಮೇಲೆ ಸೀಟಿಯಣ್ಣ ಗಂಟಲು ಸರಿಮಾಡಿಕೊಂಡ. ಬೆಂಚು ಅವನತ್ತ ಬಾಗಿತು. "ಮೂರು ವರ್ಷ ನೋಡಿದೀನಿ. ಆ ಹುಡುಗಿ ಕಾಲಿಗೆ ಒಂದೇ ಒಂದು ಸಲವೂ ಚೆಂಡು ತಾಗಿ ಫೌಲ್ ಆಗಿದ್ದು ನಾನು ಕಂಡಿಲ್ಲ. ಅಂಪೈರಿಗೆ ಕೆಲಸವೇ ಕೊಡದ ಆಟ ಅದು." ಆಮೇಲೆ ಬಡಗಿಯ ಕಡೆ ತಿರುಗಿದ. "ಆದ್ರೆ ನೀನು ಈ ಸಲ ಬಿಲ್ಲೆ ಹಾಕಬೇಡ ಕಣಪ್ಪ. ಅಪ್ಪ ಆದೋನು ಮಗಳ ಪಂದ್ಯಕ್ಕೆ ಸೀಟಿ ಊದಬಾರದು. ಐದೈದು ಸಮ ಬಂದ್ರೆ ಇಬ್ಬರ ಹತ್ತನೇ ಕ್ಲಾಸಿನ ಅಂಕಪಟ್ಟಿ ನೋಡೋಣ, ನ್ಯಾಯವಾಗಿ ಹೋಗ್ಲಿ."

ಬಡಗಿ ಹಿಗ್ಗಿನಿಂದಲೇ ತಲೆಯಾಡಿಸಿ ತನ್ನ ಬಿಲ್ಲೆಯನ್ನು ಜೇಬಿಗೆ ಇಳಿಸಿದ. ಅಂಕದಲ್ಲಿ ಮಗಳೇ ಮುಂದಿದ್ದಳು.

ಈಗ ಕೆಂಪು ಡಬ್ಬಿಯಲ್ಲಿ, ಅಂದರೆ ಮಗಳ ಡಬ್ಬಿಯಲ್ಲಿ, ನಾಲ್ಕು ಬಿಲ್ಲೆ ಬಂದಿದ್ದವು. ಕಾರ್ಯದರ್ಶಿ ನೀಲಿ ಡಬ್ಬಿಯವನ್ನು ಒಂದೊಂದೇ ಸಾಲಾಗಿ ಜೋಡಿಸುತ್ತಿದ್ದ. "ನಾಲ್ಕು... ಐದು... ಆರು." ಆರನೆಯದು ಅಂಚಿನ ಮೇಲೆ ಉರುಳಿ ಬಂದು, ಬಡಗಿಯ ಮೊಣಕಾಲಿನ ಎದುರು ಮಲಗಿತು. ಸಂಜೆಯ ಬಿಸಿಲು ಓರೆಯಾಗಿ ಬೀಳುತ್ತಿತ್ತು. ಕಪ್ಪು ಬಣ್ಣದ ಅಡಿಯಲ್ಲಿ ಎಳ್ಳಿನಷ್ಟು ಅಗಲದ ನೆರಳು.

ಬಡಗಿ ಅದನ್ನೇ ನೋಡಿದ. ಅಂಥದೇ ಇನ್ನೊಂದು ತಗ್ಗು ಬೇರೆ ಬಿಲ್ಲೆಯಲ್ಲಿ ಇರಬಾರದೇಕೆ ಎಂದು ಮನಸ್ಸು ಒಂದು ಕ್ಷಣ ಬೇಡಿಕೊಂಡಿತು. ಜೇಬಿನಲ್ಲಿದ್ದ ತನ್ನದನ್ನೂ ಸೇರಿಸಿ ಬಿಲ್ಲೆಗಳನ್ನು ಚೀಲಕ್ಕೆ ತುಂಬುವ ನೆವದಲ್ಲಿ ಒಂದೊಂದರ ಅಂಚನ್ನೂ ಬೆರಳಿನಿಂದ ಸವರಿದ. ಉಳಿದವೆಲ್ಲ ನುಣುಪಾಗಿದ್ದವು. ಅವನ ಕೈಕೆಲಸ ಅಷ್ಟು ಅಚ್ಚುಕಟ್ಟು.

ಸೀಟಿಯಣ್ಣ ಪಕ್ಕಕ್ಕೆ ಬಂದು ಹೆಗಲ ಮೇಲೆ ಕೈಯಿಟ್ಟ. "ನಾನು ನಿನ್ನ ಮಗಳಿಗೇ ಹಾಕಿದ್ದೆ ಕಣಪ್ಪ. ಉಳಿದೋರ ತಲೇಲಿ ಏನಿತ್ತೋ ಏನೋ. ಬೇಜಾರು ಮಾಡ್ಕೋಬೇಡ."

ನಾಲಗೆಯ ತುದಿಗೆ ಮಾತು ಬಂತು. ಆದರೆ ಏನೆಂದು ಆಡುವುದು? ಆ ಬಿಲ್ಲೆಯ ಗುರುತು ನನಗಿದೆ ಎಂದರೆ, ಹನ್ನೆರಡು ವರ್ಷದ ಗುಟ್ಟಿನ ಮತ ಗುಟ್ಟಾಗಿರಲೇ ಇಲ್ಲ ಎಂದಂತೆ. ಕಳ್ಳನೆನಿಸಿಕೊಳ್ಳುವವನು ಆಗ ಬಡಗಿಯೇ.

"ಇಲ್ಲಣ್ಣ," ಎಂದ. "ಬೇಜಾರು ಯಾಕೆ."

ಮಗಳು ಗೇಟಿನ ಹೊರಗೆ ಕೋಲನ್ನು ಊರಿಕೊಂಡು ನಿಂತಿದ್ದಳು. ಅಪ್ಪನ ನಡಿಗೆ ನೋಡಿಯೇ ಅವಳಿಗೆ ತಿಳಿಯಿತು. ಇಬ್ಬರೂ ಮನೆಯ ತಿರುವಿನ ತನಕ ನಡೆದರು.

"ಎಷ್ಟೆಷ್ಟು?" ಎಂದಳು ಕೊನೆಗೆ.

"ಆರು, ನಾಲ್ಕು."

"ಆ ನಾಲ್ಕರಲ್ಲಿ ಒಂದಂತೂ ಸೀಟಿ ದೊಡ್ಡಪ್ಪಂದು," ಎಂದಳು ಮಗಳು. "ಇನ್ನು ಮೂರು ಯಾರದೋ ಗೊತ್ತಿಲ್ಲ. ಅವರದು ಮಾತ್ರ ನನಗೇ ಅಂತ ಗೊತ್ತು. ಅಷ್ಟು ಸಾಕು ಬಿಡಪ್ಪ."

ಬಡಗಿ ಚೀಲವನ್ನು ಒಂದು ಹೆಗಲಿನಿಂದ ಇನ್ನೊಂದಕ್ಕೆ ಬದಲಿಸಿಕೊಂಡ. "ಹೂಂ," ಎಂದ.

ಮರುದಿನ ಅವಳು ಅವನ ಕೆಲಸದ ಕೊಠಡಿಯ ಕಿಟಕಿಯ ಬಳಿ ಕೂತು, ತರಬೇತಿ ಶಾಲೆ ಸೇರುವ ಮೊದಲೇ ಕಲಿತು ಮುಗಿಸುತ್ತೇನೆಂದು ಬಿಚ್ಚಿಟ್ಟಿದ್ದ ಸುಟ್ಟ ಮೋಟಾರಿನ ತಂತಿಗಳನ್ನು ಡಬ್ಬಕ್ಕೆ ತುಂಬಿ, ಮುಚ್ಚಳ ಹಾಕಿ ಅಟ್ಟಕ್ಕೆ ಏರಿಸಿದಳು. ಬಡಗಿ ಉಜ್ಜುತ್ತಿದ್ದ ಕೋಲನ್ನೇ ಉಜ್ಜುತ್ತಿದ್ದ. ಅದು ಆಗಲೇ ನುಣುಪಾಗಿತ್ತು.

ಮೂರು ವಾರ ಕಳೆದು ಹೊಸ ಪಂದ್ಯಾವಳಿ ಶುರುವಾಯಿತು. ಬೆಂಚಿಗೆ ಎಲ್ಲರಿಗಿಂತ ಮೊದಲೇ ಬಂದು ಕೂತಿದ್ದ ಸೀಟಿಯಣ್ಣನ ಮುಖ ಬೆಳಗುತ್ತಿತ್ತು. "ಕೇಳಿದ್ರೇನ್ರಪ್ಪ? ಮೈದಾನಕ್ಕೆ ಹೊಸ ಹಸಿರು ಹಾಸು ಮಂಜೂರಾಯ್ತು! ನಗರಸಭೆ ಸದಸ್ಯರೇ ಮನೆಗೆ ಬಂದು ಹೇಳಿದ್ರು. ಅಂಪೈರ್ ಕೊಠಡಿಗೆ ನನ್ನ ಹೆಸರು ಇಡ್ತಾರಂತೆ. ನಾನು ಬೇಡ ಅಂದೆ, ಅವರು ಬಿಡ್ಲಿಲ್ಲ."

"ಬೇಡ ಅಂದಿದ್ದು ಎಷ್ಟು ಮೆತ್ತಗೆ ಅಂತ ನಮಗೆ ಗೊತ್ತು ಬಿಡಣ್ಣ," ಎಂದ ದರ್ಜಿ. ಎಲ್ಲರೂ ನಕ್ಕರು. ಸೀಟಿಯಣ್ಣನೂ ನಕ್ಕ.

ಪಂದ್ಯ ಮುಗಿಯಿತು. ವಾದ ಹತ್ತಿಕೊಂಡಿತು. ಬಡಗಿ ಚೀಲ ಬಿಚ್ಚಿ ಬೆಂಚಿನ ತುದಿಯಿಂದ ಹಂಚಲು ಹೊರಟ. ಡ್ರೈವರನಿಗೆ ಒಂದು, ದರ್ಜಿಗೆ ಒಂದು, ಕಾರ್ಯದರ್ಶಿಗೆ ಒಂದು. ಸೀಟಿಯಣ್ಣ ಆಟದಿಂದ ಕಣ್ಣು ಕೀಳದವನ ಹಾಗೆ ಖಾಲಿ ಮೈದಾನವನ್ನೇ ನೋಡುತ್ತ ಅಂಗೈ ಚಾಚಿದ. ಚೀಲದೊಳಗೆ ಬಡಗಿಯ ಬೆರಳು ತಾನಾಗಿಯೇ ಆ ಎಳ್ಳಿನಷ್ಟು ತಗ್ಗನ್ನು ಹುಡುಕಿ, ಅದರ ಮೇಲೆ ನಿಂತಿತು. ಸ್ವಲ್ಪ ಹೊತ್ತು ಅಲ್ಲೇ ಇತ್ತು. ಆಮೇಲೆ ಪಕ್ಕದ ನುಣುಪು ಬಿಲ್ಲೆಯೊಂದನ್ನು ಎತ್ತಿ ಆ ಅಂಗೈಗೆ ಹಾಕಿತು.

"ಹಾಂ," ಎಂದ ಸೀಟಿಯಣ್ಣ, ಬಿಲ್ಲೆಯ ಕಡೆ ನೋಡದೆ ಮುಷ್ಟಿ ಮುಚ್ಚಿಕೊಳ್ಳುತ್ತ.

ಬಡಗಿ ಮುಂದಿನವನ ಎದುರಿಗೆ ಸರಿದ, ಆಮೇಲೆ ಅವನ ಮುಂದಿನವನ ಎದುರಿಗೆ. ಬೆಂಚಿನ ಇನ್ನೊಂದು ತುದಿ ಮುಟ್ಟುವಾಗ ಚೀಲದ ತಳದಲ್ಲಿ ಅವನ ಪಾಲಿಗೆ ಒಂದೇ ಒಂದು ಬಿಲ್ಲೆ ಉಳಿದಿತ್ತು, ಅಂಚಿನಲ್ಲಿ ತಗ್ಗಿದ್ದದ್ದು.