ಕೊಳೆಯಾಗದ ಚೀಟಿಗಳು

ಅಣ್ಣ ಮೂವತ್ತು ವರ್ಷ ಕೂತು ಒಂದು ಹೊಸ ಭಾಷೆ ಕಟ್ಟಿದ. ಇರುವ ಭಾಷೆಗಳೇ ಜಗಳಕ್ಕೆ ಸಾಲವೇನೋ ಎಂದು ತಂಗಿ ನಗುತ್ತಿದ್ದಳು. ಅದರ ಒಂದಕ್ಷರವೂ ಅವಳಿಗೆ ಬಾರದು. ಆದರೂ ಕಲಿಯಲು ಹನ್ನೆರಡು ಮಂದಿ ಹೆಸರು ಕೊಟ್ಟಾಗ, ಅವರಿಗೊಂದು ನಿಘಂಟು ಅಚ್ಚು ಹಾಕಿಕೊಡುವ ಕೆಲಸ ಅವಳ ಪುಟ್ಟ ಪ್ರೆಸ್ಸಿಗೇ ಬಂತು. ಎಷ್ಟಾದರೂ ಒಡಹುಟ್ಟಿದವನು.

"ಅಂಗಿ ಜೇಬಲ್ಲಿ ಕೂರ್ಬೇಕು ನೋಡು. ಮನೇಲಿಟ್ಟು ಬರೋ ಪುಸ್ತಕದಿಂದ ಯಾರೂ ಮಾತು ಕಲಿಯಲ್ಲ," ಎಂದು ಹೇಳಿ, ಪದಗಳ ಪೆಟ್ಟಿಗೆ ಒಪ್ಪಿಸಿ ಅಣ್ಣ ಕಣ್ಣಿನ ಆಪರೇಷನ್ನಿಗೆ ಹೋದ. ಚೀಟಿಗೊಂದು ಪದ, ಪಕ್ಕದಲ್ಲಿ ಅರ್ಥ. ಎಲ್ಲ ಅವನದೇ ಕೈಬರಹ.

ಜೇಬಿಗೆ ಹಿಡಿಯುವುದೆಂದರೆ ಅರವತ್ತನಾಲ್ಕು ಪುಟ. ಪೆಟ್ಟಿಗೆಯಲ್ಲಿದ್ದದ್ದು ಎಂಬತ್ತು ಪುಟದ ಸರಕು. ಕಣ್ಣಿಗೆ ಪಟ್ಟಿ ಕಟ್ಟಿಸಿಕೊಂಡವನಿಗೆ ಯಾಕೆ ತಲೆನೋವು ಎಂದು ತಂಗಿ ತಾನೇ ದಾರಿ ಹುಡುಕಿದಳು. ಹೆಚ್ಚು ಬಳಸಿದ ಅಚ್ಚುಮೊಳೆ ಸವೆಯುತ್ತದೆ. ಹೆಚ್ಚು ಬಳಸಿದ ಚೀಟಿಯ ಅಂಚು ಕೊಳೆಯಾಗುತ್ತದೆ. ಕೊಳೆಯಾದವನ್ನು ಉಳಿಸಿಕೊಂಡಳು, ಬೆಳ್ಳಗಿದ್ದವನ್ನು ಓದುವ ಗೋಜಿಗೂ ಹೋಗದೆ ಬದಿಗಿಟ್ಟಳು. ಮುಂದೆ ಕಲಿಯಲು ಬರುವವರಿಗೂ ಸೇರಿಸಿ ಹಾಕಿದ ಇನ್ನೂರು ಪ್ರತಿ ಹೊಲಿಗೆ ಮುಗಿದು ಬಂದಾಗ ತನ್ನ ಬೆನ್ನು ತಾನೇ ತಟ್ಟಿಕೊಂಡಳು.

ತರಗತಿಯ ಹಿಂದಿನ ದಿನ ಅಣ್ಣ ಬಂದ. ಕಪ್ಪು ಕನ್ನಡಕದಲ್ಲೇ ಪುಟ ತಿರುವಿದ. ಮೊದಲಿಂದ ಮತ್ತೊಮ್ಮೆ ತಿರುವಿದ.

"ನಿನ್ನ ಅತ್ತಿಗೆ ಪದಗಳೆಲ್ಲಿ?"

"ಅತ್ತಿಗೆದಾ? ಎಲ್ಲಾ ನಿನ್ನ ಅಕ್ಷರಾನೇ ಇತ್ತಲ್ಲ!"

"ಅವಳು ಹೇಳ್ತಿದ್ಲು, ನಾನು ಬರ್ಕೊಳ್ತಿದ್ದೆ. ಅವಳು ಹೋದ್ಮೇಲೆ ಆ ಚೀಟಿಗಳನ್ನ ಮುಟ್ಟೋಕೇ ಆಗ್ಲಿಲ್ಲ ನಂಗೆ."

ತಂಗಿ ಬದಿಗಿಟ್ಟಿದ್ದ ಚೀಟಿಗಳನ್ನು ಎದುರಿಗೆ ಎಳೆದುಕೊಂಡಳು. "ಬೇರೆ ಅಚ್ಚು ಹಾಕ್ತೀನಣ್ಣ. ತರಗತಿ ಮುಂದಕ್ಕೆ ಹಾಕು."

"ಬೇಡ ಬಿಡು. ಜೇಬಲ್ಲಿ ಚೆನ್ನಾಗಿ ಕೂರುತ್ತೆ," ಎಂದ. ನಾಲ್ಕು ಮಾತು ಬೈದಿದ್ದರೆ ಎಷ್ಟೋ ವಾಸಿಯಿತ್ತು.

ಅವನು ಹೋದ ಮೇಲೆ ಅವಳು ಬಿಳಿ ಚೀಟಿಗಳನ್ನು ಒಂದೊಂದಾಗಿ ಓದಿದಳು. ಜಗಳವಾಡಿದವರು ಮಾತಿಲ್ಲದೆ ಒಂದೇ ಕೋಣೆಯಲ್ಲಿ ಕೂರುವುದಕ್ಕೆ ಒಂದು ಪದ. ಎಲ್ಲರಿಗೂ ಬಡಿಸಿ, ಕೊನೆಗೆ ಒಬ್ಬಳೇ ನಿಂತು ಉಣ್ಣುವುದಕ್ಕೆ ಒಂದು. ಅತ್ತಿಗೆ ಹಾಗೆ ಉಣ್ಣುತ್ತಿದ್ದುದನ್ನು ಅವಳೂ ಎಷ್ಟು ಸಲ ನೋಡಿದ್ದಳು! ನಾಚಿಕೆಯಿಂದ ಅತ್ತಳು.

ಮರುದಿನ ಕೊನೆಯ ಬೆಂಚಿನಲ್ಲಿ ಕೂತಳು. ಅಣ್ಣ ತನ್ನ ಭಾಷೆಯಲ್ಲಿ ನಿಧಾನವಾಗಿ ಮನೆಯ ಸುದ್ದಿ ಹೇಳುತ್ತಿದ್ದ. ಕಲಿಯುವವರು ಬರೆದುಕೊಂಡು, ಪುಟ ತಿರುವಿ ಅರ್ಥ ಕೂಡಿಸುತ್ತಿದ್ದರು.

"ನನ್ನ ಹೆಂಡತಿ... ದಿನಾ..." ಎಂದು ಕೂಡಿಸಿದ ನರ್ಸೊಬ್ಬಳು ತಡೆದಳು. "ಮೇಷ್ಟ್ರೇ, ಕೊನೇ ಪದ ಇದ್ರಲ್ಲಿ ಇಲ್ವಲ್ಲ?"

ಅಣ್ಣ ಕೊನೆಯ ಬೆಂಚಿನ ಕಡೆ ನೋಡಿದ.

"ಪುಸ್ತಕದಲ್ಲಿ ಇಲ್ಲ ಅಂದ್ರೆ ಅಂಥ ಪದ ಇಲ್ಲಮ್ಮ. ಬಾಯಿ ತಪ್ಪಿ ಬಂತು. ಹೊಡೆದು ಹಾಕಿ."

ಹಿಂದಿನ ದಿನ ಚೀಟಿಯಲ್ಲಿ ಓದಿದ್ದ ಆ ಪದದ ಅರ್ಥ ಅಣ್ಣನನ್ನು ಬಿಟ್ಟರೆ ಕೋಣೆಯಲ್ಲಿ ಗೊತ್ತಿದ್ದದ್ದು ಅವಳೊಬ್ಬಳಿಗೇ. 'ಇದೆ' ಎನ್ನಲು ಬಾಯಿ ಬರಲಿಲ್ಲ. ಹನ್ನೆರಡು ಪೆನ್ಸಿಲ್ಲುಗಳು ಅದನ್ನು ಹೊಡೆದು ಹಾಕಿದವು.